ಕಯೋಟಿಯ ಇರುಳುಬೇಟೆ: ಅವಕೆಂಪು ಬೆಳಕು ಮತ್ತು ರಾತ್ರಿ ನೋಟದ ಉಪಕರಣಗಳು

ಕಯೋಟಿಯ ಇರುಳುಬೇಟೆ ಎಂಬುದು ಉತ್ತರ ಅಮೆರಿಕದಲ್ಲಿ, ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ಹುಲ್ಲುಗಾವಲು, ಕುರುಚಲು ಕಾಡು ಮತ್ತು ಹೊಲಗದ್ದೆಗಳ ಸೀಮೆಯಲ್ಲಿ ರೂಢಿಯಲ್ಲಿರುವ ಒಂದು ಬೇಟೆಯ ಕ್ರಮ. ಕತ್ತಲಾದ ಮೇಲೆ ಬೇಟೆಗಾರ ಬಯಲಿನಲ್ಲಿ ಅಡಗಿ ಕುಳಿತು, ಕೃತಕ ಕೂಗಿನಿಂದ ಪ್ರಾಣಿಯನ್ನು ಹತ್ತಿರಕ್ಕೆ ಸೆಳೆದು, ಮನುಷ್ಯನ ಕಣ್ಣಿಗೆ ಕಾಣದ ಬೆಳಕನ್ನು ಇಲ್ಲವೆ ಶಾಖವನ್ನು ಗ್ರಹಿಸುವ ಉಪಕರಣದ ಮೂಲಕ ಅದನ್ನು ನೋಡಿ ಕೋವಿಯಿಂದ ಹೊಡೆಯುತ್ತಾನೆ. ಮಲೆನಾಡಿನಲ್ಲಿ ಹಿಂದೆ ಮರಸು ಕೂರುವುದು ಎನ್ನುತ್ತಿದ್ದ ಕಾದು ಕೂರುವ ಬೇಟೆಗೂ ಇದಕ್ಕೂ ಹೊರನೋಟಕ್ಕೆ ಹೋಲಿಕೆಯಿದ್ದರೂ, ಎರಡನೆಯ ಮಹಾಯುದ್ಧದ ಕಾಲಕ್ಕೆ ಸೈನ್ಯಗಳು ರೂಪಿಸಿಕೊಂಡ ರಾತ್ರಿ ನೋಟದ ತಂತ್ರಜ್ಞಾನ ಸಾಮಾನ್ಯ ಜನರ ಕೈಗೆ ಬಂದದ್ದರಿಂದಲೇ ಇದು ಇಂದಿನ ರೂಪ ತಾಳಿದೆ. ಈ ಉಪಕರಣಗಳು ಕತ್ತಲಲ್ಲಿ ಪ್ರಾಣಿ ಎಲ್ಲಿದೆ ಎಂಬುದನ್ನು ಸೋಜಿಗವೆನಿಸುವಷ್ಟು ಚೆನ್ನಾಗಿ ತೋರಿಸುತ್ತವೆ. ಅದು ಯಾವ ಪ್ರಾಣಿ ಎಂಬುದನ್ನು ಅಷ್ಟೇ ಚೆನ್ನಾಗಿ ತೋರಿಸುವುದಿಲ್ಲ. ಈ ಬೇಟೆಯ ಕೌಶಲ, ಕಾನೂನು ಮತ್ತು ವಿವಾದಗಳಲ್ಲಿ ಹೆಚ್ಚಿನವು ಈ ಅಂತರದಿಂದಲೇ ಹುಟ್ಟಿಕೊಂಡವು.

ಕಯೋಟಿ ನಾಯಿ ಕುಲಕ್ಕೆ ಸೇರಿದ, ಗಾತ್ರದಲ್ಲಿ ನಮ್ಮ ಗುಳ್ಳೆನರಿಗಿಂತ ದೊಡ್ಡದೂ ತೋಳಕ್ಕಿಂತ ಚಿಕ್ಕದೂ ಆದ ಪ್ರಾಣಿ. ಬೂದು ಮತ್ತು ಕಂದು ಬೆರೆತ ಮೈ, ಚೂಪಾದ ಮೂತಿ, ಎದ್ದು ನಿಂತ ದೊಡ್ಡ ಕಿವಿಗಳು, ಓಡುವಾಗ ಕೆಳಕ್ಕೆ ಇಳಿಬಿಟ್ಟ ಪೊದೆಬಾಲ ಇದರ ಗುರುತುಗಳು. ತೂಕ ಸಾಮಾನ್ಯವಾಗಿ 8ರಿಂದ 20 ಕಿಲೋಗ್ರಾಂ, ಭುಜದ ಎತ್ತರ ಸುಮಾರು 60 ಸೆಂಟಿಮೀಟರ್. ಕಯೋಟಿ ಎಂಬ ಹೆಸರು ಮೆಕ್ಸಿಕೋದ ನಹುವಾಟಲ್ ಭಾಷೆಯ ಕೊಯೋಟ್ಲ್ ಎಂಬ ಪದದಿಂದ ಸ್ಪ್ಯಾನಿಷ್ ಮೂಲಕ ಬಂದಿದೆ. 1823ರಲ್ಲಿ ಥಾಮಸ್ ಸೇ ಇದನ್ನು ಶಾಸ್ತ್ರೀಯವಾಗಿ ವಿವರಿಸಿ ಕೇನಿಸ್ ಲೇಟ್ರನ್ಸ್, ಅಂದರೆ ಬೊಗಳುವ ನಾಯಿ, ಎಂದು ಕರೆದ. ಒಂದು ಕಾಲಕ್ಕೆ ಪಶ್ಚಿಮದ ಹುಲ್ಲುಗಾವಲು ಮತ್ತು ಮರುಭೂಮಿಗಳಲ್ಲಷ್ಟೇ ನೆಲೆಸಿದ್ದ ಈ ಪ್ರಾಣಿ, ತೋಳಗಳು ನಿರ್ನಾಮವಾಗಿ ಕಾಡುಗಳು ಹೊಲಗಳಾದಂತೆ ಇಪ್ಪತ್ತನೆಯ ಶತಮಾನದುದ್ದಕ್ಕೂ ಪೂರ್ವಕ್ಕೆ ಹಬ್ಬಿ ಅಟ್ಲಾಂಟಿಕ್ ತೀರವನ್ನು ಮುಟ್ಟಿತು. ದಕ್ಷಿಣದಲ್ಲಿ ಪನಾಮಾ ದೇಶದವರೆಗೂ ಹೋಯಿತು. ಶಿಕಾಗೋದಂಥ ಮಹಾನಗರದ ನಡುವೆಯೂ ಕಯೋಟಿಗಳು ಮರಿ ಹಾಕಿ ಬಾಳುತ್ತಿವೆ. ಇಷ್ಟು ಕಿರುಕುಳಕ್ಕೆ ಒಳಗಾಗಿಯೂ ಇಷ್ಟು ನೆಲವನ್ನು ಗೆದ್ದುಕೊಂಡ ಮಾಂಸಾಹಾರಿ ಸಸ್ತನಿ ಆ ಖಂಡದಲ್ಲಿ ಬೇರೆ ಯಾವುದೂ ಇಲ್ಲವೆಂದರೆ ಅತಿಶಯೋಕ್ತಿಯಾಗದು.

ಕಿರುಕುಳದ ಚರಿತ್ರೆ ದೀರ್ಘವಾದದ್ದು. ಅಮೆರಿಕದಲ್ಲಿ ಪರಭಕ್ಷಕಗಳು, ಎಂದರೆ ಇತರ ಪ್ರಾಣಿಗಳನ್ನು ಕೊಂದು ತಿನ್ನುವ ಪ್ರಾಣಿಗಳು, ಕೊಲ್ಲುವ ಕುರಿಗಳಲ್ಲಿ ಅರ್ಧಕ್ಕೂ ಹೆಚ್ಚು ಕಯೋಟಿಗಳ ಪಾಲಾಗುತ್ತವೆ. ವಸಂತದಲ್ಲಿ ಈದ ಹಿಂಡಿನ ಮರಿಗಳನ್ನು ಒಂದೊಂದಾಗಿ ಕಳೆದುಕೊಳ್ಳುವ ಕುರಿಗಾರನ ಸಂಕಟ ಎಲ್ಲ ನಾಡಿನಲ್ಲೂ ಒಂದೇ. 1915ರಲ್ಲಿ ಅಮೆರಿಕದ ಸಂಸತ್ತು ಪರಭಕ್ಷಕಗಳ ನಿರ್ಮೂಲನಕ್ಕೆ ಹಣ ಕೊಡಲು ಆರಂಭಿಸಿತು, 1931ರಲ್ಲಿ ಅದಕ್ಕೊಂದು ಪ್ರತ್ಯೇಕ ಕಾಯಿದೆಯೇ ಬಂತು. ಉರುಲು, ಕತ್ತರಿಬೋನು, ವಿಷದ ಮಾಂಸ, ವಿಮಾನದಿಂದ ಗುಂಡು ಎಲ್ಲವೂ ಬಳಕೆಯಾದವು. 1972ರಲ್ಲಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಒಕ್ಕೂಟ ಸರ್ಕಾರದ ಜಮೀನುಗಳಲ್ಲಿ ಪರಭಕ್ಷಕಗಳಿಗೆ ವಿಷವಿಡುವುದನ್ನು ಆದೇಶದ ಮೂಲಕ ನಿಲ್ಲಿಸಿದ ಮೇಲೆ ಕೋವಿಯ ಪಾಲು ಹೆಚ್ಚಿತು. ಕೃಷಿ ಇಲಾಖೆಯ ವೈಲ್ಡ್‌ಲೈಫ್ ಸರ್ವಿಸಸ್ ವಿಭಾಗವೊಂದೇ ಅನೇಕ ವರ್ಷಗಳಲ್ಲಿ 60 ಸಾವಿರಕ್ಕೂ ಹೆಚ್ಚು ಕಯೋಟಿಗಳನ್ನು ಕೊಂದಿದೆ. ಖಾಸಗಿ ಬೇಟೆಗಾರರು ಕೊಲ್ಲುವವು ಇದಕ್ಕೆ ಹೊರತು. ಹಗಲಿನಲ್ಲಿ ಮನುಷ್ಯನ ಕಾಟ ಹೆಚ್ಚಿದ ಕಡೆಯಲ್ಲೆಲ್ಲ ಕಯೋಟಿ ತನ್ನ ಓಡಾಟವನ್ನು ರಾತ್ರಿಗೆ ಬದಲಾಯಿಸಿಕೊಂಡಿತು, ಅದರ ಹಿಂದೆಯೇ ಬೇಟೆಗಾರನೂ ರಾತ್ರಿಗೆ ಬಂದ.

ರಾತ್ರಿಯಲ್ಲಿ ಮೊದಲು ನೆರವಾದದ್ದು ಕಣ್ಣಹೊಳಪು. ನಾಯಿ, ಬೆಕ್ಕು, ಜಿಂಕೆಗಳ ಅಕ್ಷಿಪಟದ ಹಿಂದೆ ಟೇಪಟಮ್ ಲೂಸಿಡಮ್ ಎಂಬ ಕನ್ನಡಿಯಂಥ ಪದರವಿದ್ದು, ಒಳಬಂದ ಬೆಳಕನ್ನು ಅದು ಮತ್ತೊಮ್ಮೆ ಅಕ್ಷಿಪಟಕ್ಕೆ ಮರಳಿಸಿ ಮಂದ ಬೆಳಕಿನ ದೃಷ್ಟಿಯನ್ನು ಹೆಚ್ಚಿಸುತ್ತದೆ. ಉಳಿದ ಬೆಳಕು ಹೊರಗೆ ಚಿಮ್ಮಿದಾಗ ದೀಪ ಹಿಡಿದವನಿಗೆ ಜೋಡಿ ಕೆಂಡಗಳಂತೆ ಕಾಣುತ್ತದೆ. ಆದರೆ ಬಿಳಿ ಬೆಳಕು ನೇರವಾಗಿ ಬಿದ್ದರೆ ಕಯೋಟಿ ಬೆದರಿ ಓಡುವುದರಿಂದ ಬೇಟೆಗಾರರು ದೀಪಕ್ಕೆ ಕೆಂಪು ಗಾಜು ಹಾಕಿಕೊಂಡರು. ಇದಕ್ಕೆ ಶಾರೀರಿಕ ಆಧಾರವಿದೆ: ನಾಯಿ ಕುಲದ ಪ್ರಾಣಿಗಳ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ಮನುಷ್ಯನಂತೆ ಮೂರು ಬಗೆಯವಾಗಿರದೆ ಎರಡೇ ಬಗೆಯವಾಗಿದ್ದು, ಕಡುಗೆಂಪು ಬೆಳಕು ಅವಕ್ಕೆ ಬಹಳ ಮಂಕಾಗಿ ಕಾಣುತ್ತದೆ. ಕಯೋಟಿಗೆ ಕೆಂಪು ಬೆಳಕು ಸ್ವಲ್ಪವೂ ಕಾಣುವುದಿಲ್ಲ ಎಂಬ ಜನಪ್ರಿಯ ನಂಬಿಕೆ ಮಾತ್ರ ಸರಿಯಲ್ಲ. ಪ್ರಖರವಾಗಿದ್ದರೆ ಅದನ್ನೂ ಅದು ಕಾಣುತ್ತದೆ.

ಕೆಂಪಿನಿಂದ ಆಚೆಗಿರುವ ಬೆಳಕೇ ಅವಕೆಂಪು ಅಥವಾ ಇನ್‌ಫ್ರಾರೆಡ್. 1800ರಲ್ಲಿ ವಿಲಿಯಂ ಹರ್ಷಲ್ ಸೂರ್ಯನ ಬೆಳಕನ್ನು ಪಟ್ಟಕದಿಂದ ಒಡೆದು ಬಣ್ಣಬಣ್ಣಗಳಲ್ಲಿ ಉಷ್ಣಮಾಪಕಗಳನ್ನಿಟ್ಟಾಗ, ಕೆಂಪಿನ ಹೊರಗೆ ಏನೂ ಕಾಣದ ಜಾಗದಲ್ಲಿಯೂ ಪಾದರಸ ಏರಿದ್ದನ್ನು ಗಮನಿಸಿ ಇದನ್ನು ಕಂಡುಹಿಡಿದ. ಸುಮಾರು 700 ನ್ಯಾನೋಮೀಟರ್‌ಗಿಂತ ಉದ್ದವಾದ ತರಂಗಗಳು ಇದರಲ್ಲಿ ಸೇರುತ್ತವೆ. ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ಬೇಟೆಯ ಉಪಕರಣಗಳ ದೃಷ್ಟಿಯಿಂದ ಇದರಲ್ಲಿ ಎರಡು ತೀರ ಬೇರೆಯಾದ ವಲಯಗಳಿವೆ. ಸಮೀಪ ಅವಕೆಂಪು ಬೆಳಕಿನಂತೆಯೇ ವರ್ತಿಸುತ್ತದೆ, ವಸ್ತುವಿನ ಮೇಲೆ ಬಿದ್ದು ಪ್ರತಿಫಲಿಸುತ್ತದೆ. ಉಷ್ಣ ಅವಕೆಂಪು ಪ್ರತಿ ವಸ್ತುವೂ ತನ್ನ ತಾಪಕ್ಕೆ ತಕ್ಕಂತೆ ತಾನೇ ಹೊರಸೂಸುವ ಕಿರಣ. ಮೊದಲನೆಯದರಿಂದ ರಾತ್ರಿ ನೋಟದ ಸ್ಕೋಪುಗಳೂ ಎರಡನೆಯದರಿಂದ ಥರ್ಮಲ್ ಎಂದು ಕರೆಯುವ ಶಾಖದರ್ಶಕಗಳೂ ಹುಟ್ಟಿದವು.

ಸಮೀಪ ಅವಕೆಂಪನ್ನು ಕೋವಿಗೆ ಅಳವಡಿಸಿದವರು ಸೈನಿಕರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಜರ್ಮನರು ವ್ಯಾಂಪೈರ್ ಎಂಬ ಅಡ್ಡಹೆಸರಿನ ಉಪಕರಣವನ್ನು ತಮ್ಮ ರೈಫಲ್ಲಿಗೆ ಕಟ್ಟಿದರು. ಅಮೆರಿಕನ್ನರು 1945ರ ಒಕಿನಾವಾ ಕದನದಲ್ಲಿ ಸ್ನೈಪರ್‌ಸ್ಕೋಪ್ ಎಂಬುದನ್ನು ಕಾರ್ಬೈನ್ ಕೋವಿಯ ಮೇಲೆ ಬಳಸಿದರು. ಎರಡರಲ್ಲೂ ಅವಕೆಂಪು ಬೆಳಕನ್ನು ಚೆಲ್ಲುವ ಒಂದು ದೀಪ, ಮರಳಿ ಬಂದ ಬೆಳಕನ್ನು ಕಾಣುವ ಚಿತ್ರವನ್ನಾಗಿ ಪರಿವರ್ತಿಸುವ ಒಂದು ನಳಿಕೆ, ಬೆನ್ನಿಗೆ ಹೊತ್ತ ಭಾರವಾದ ಬ್ಯಾಟರಿ ಇದ್ದವು. ವಿಯೆಟ್ನಾಂ ಯುದ್ಧದ ಹೊತ್ತಿಗೆ ಬಂದ ಸ್ಟಾರ್‌ಲೈಟ್ ಸ್ಕೋಪ್ ದೀಪವನ್ನು ಬಿಟ್ಟುಕೊಟ್ಟಿತು. ಬೆಳಕಿನ ಕಣ ಬಿದ್ದಾಗ ಎಲೆಕ್ಟ್ರಾನನ್ನು ಉದುರಿಸುವ ಫೋಟೋಕ್ಯಾಥೋಡ್ ಎಂಬ ಲೇಪನ, ಆ ಎಲೆಕ್ಟ್ರಾನುಗಳಿಗೆ ವೇಗ ಕೊಡುವ ಅಧಿಕ ವೋಲ್ಟೇಜು, ಅವು ಬಡಿದಾಗ ಮಿನುಗುವ ಪರದೆ, ಇಷ್ಟರಿಂದಲೇ ನಕ್ಷತ್ರಗಳ ಬೆಳಕು ಸಾವಿರಾರು ಪಟ್ಟು ಹೆಚ್ಚಿ ಕಾಣುವಂತಾಯಿತು. ಮುಂದಿನ ಪೀಳಿಗೆಯಲ್ಲಿ ಕೂದಲಿಗಿಂತ ಸಣ್ಣ ಲಕ್ಷಾಂತರ ರಂಧ್ರಗಳಿರುವ ಗಾಜಿನ ಬಿಲ್ಲೆಯೂ, ಮೂರನೆಯ ಪೀಳಿಗೆಯಲ್ಲಿ ಗ್ಯಾಲಿಯಂ ಆರ್ಸೆನೈಡ್ ಲೇಪನವೂ ಸೇರಿದವು. ಹಸಿರು ಚಿತ್ರದ ಪರಿಚಿತ ರಾತ್ರಿ ಕನ್ನಡಕಗಳು ಈ ಬಿಂಬವರ್ಧಕ ನಳಿಕೆಯ ಸಂತತಿ.

ಇಂದು ಹಳ್ಳಿಯ ಬೇಟೆಗಾರನ ಕೈಗೆ ಎಟುಕುವ ಬೆಲೆಯಲ್ಲಿರುವುದು ಡಿಜಿಟಲ್ ಸ್ಕೋಪ್. ಮೊಬೈಲ್ ಕ್ಯಾಮೆರಾದಲ್ಲಿರುವಂಥದೇ ಸಿಲಿಕಾನ್ ಗ್ರಾಹಕ ಇದರಲ್ಲಿದ್ದು, ಸಿಲಿಕಾನಿಗೆ ಸುಮಾರು 1,100 ನ್ಯಾನೋಮೀಟರ್‌ವರೆಗಿನ ಅವಕೆಂಪು ಕಾಣಿಸುವುದರಿಂದ, ಜೊತೆಗೊಂದು ಅವಕೆಂಪು ಟಾರ್ಚನ್ನು ಕೋವಿಗೆ ಕಟ್ಟಿದರೆ ಕಾರಿರುಳಲ್ಲೂ ಹೊಲವೆಲ್ಲ ಹಗಲಿನ ಕಪ್ಪುಬಿಳುಪು ಚಿತ್ರದಂತೆ ತೆರೆದುಕೊಳ್ಳುತ್ತದೆ. ಟಾರ್ಚುಗಳಲ್ಲಿ 850 ಮತ್ತು 940 ನ್ಯಾನೋಮೀಟರಿನವು ಎಂಬ ಎರಡು ಬಗೆಗಳು ಹೆಚ್ಚು ಬಳಕೆಯಲ್ಲಿವೆ. 850ರದು ದೂರಕ್ಕೆ ಹೋಗುತ್ತದೆ, ಆದರೆ ದೀಪದ ಮುಖದಲ್ಲಿ ಮಸುಕು ಕೆಂಪು ಕಿಡಿಯೊಂದು ಬರಿಗಣ್ಣಿಗೂ ಕಾಣುತ್ತದೆ. 940ರಲ್ಲಿ ಕಿಡಿ ಕಾಣದು, ಆದರೆ ಗ್ರಾಹಕ ಆ ತರಂಗಕ್ಕೆ ಅಷ್ಟು ಸೂಕ್ಷ್ಮವಲ್ಲವಾದ್ದರಿಂದ ಚಿತ್ರ ಮಂಕಾಗುತ್ತದೆ. ಅವಕೆಂಪಿನಲ್ಲಿಯೂ ಕಣ್ಣಹೊಳಪು ಮಿಂಚುತ್ತದೆ. ಜೊತೆಗೆ ಹುಲ್ಲು, ತಂತಿಬೇಲಿ, ಪ್ರಾಣಿಯ ರೋಮದ ಗೆರೆಗಳು ಕೂಡ ಕಾಣುತ್ತವೆ. ಕ್ಯಾಲಿಫೋರ್ನಿಯಾದ ದಂಡ ಸಂಹಿತೆಯ 468ನೆಯ ವಿಧಿ ನಿಷೇಧಿಸುವುದು ಈ ದೀಪಸಹಿತ ಬಗೆಯನ್ನೇ: ಅವಕೆಂಪು ಬೆಳಕನ್ನು ತಾನೇ ಚೆಲ್ಲಿ ರಾತ್ರಿ ನೋಡಲು ನೆರವಾಗುವ, ಕೋವಿಗೆ ಹೊಂದಿಸಬಹುದಾದ ಸ್ಕೋಪನ್ನು ಇಟ್ಟುಕೊಳ್ಳುವುದೇ ಅಲ್ಲಿ ಅಪರಾಧ.

ಥರ್ಮಲ್ ಸ್ಕೋಪಿನ ತತ್ತ್ವ ಬೇರೆ. 8ರಿಂದ 14 ಮೈಕ್ರೋಮೀಟರ್ ತರಂಗದ ಶಾಖಕಿರಣಗಳು ಸಾಮಾನ್ಯ ಗಾಜಿನೊಳಗೆ ಹಾಯುವುದಿಲ್ಲವಾದ್ದರಿಂದ ಅದರ ಮಸೂರವನ್ನು ಜರ್ಮೇನಿಯಂ ಎಂಬ ದುಬಾರಿ ಧಾತುವಿನಿಂದ ಮಾಡುತ್ತಾರೆ. ಇದೇ ಕಾರಣಕ್ಕೆ ಕಾರಿನ ಗಾಜು ಏರಿಸಿಕೊಂಡು ಈ ಸ್ಕೋಪಿನಲ್ಲಿ ಹೊರಗೆ ನೋಡಲಾಗದು. ಮಸೂರದ ಹಿಂದೆ ಮೈಕ್ರೋಬೋಲೋಮೀಟರ್ ಎಂಬ ಗ್ರಾಹಕವಿದ್ದು, ಅದರ ಒಂದೊಂದು ಚುಕ್ಕಿಯೂ ವೆನೇಡಿಯಂ ಆಕ್ಸೈಡಿನ ತೆಳು ಹಾಸು. ಶಾಖ ಬಿದ್ದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯೇ ಚಿತ್ರವಾಗುತ್ತದೆ. ಇದಕ್ಕೆ ದೀಪ ಬೇಡ, ಬೆಳದಿಂಗಳೂ ಬೇಡ. ತಂಪಾದ ಬಯಲಿನಲ್ಲಿ ಕಯೋಟಿ ಒಂದು ಬಿಳಿ ಆಕೃತಿಯಾಗಿ ನಡೆದು ಬರುತ್ತದೆ. ಚಳಿಗಾಲದ ದಟ್ಟ ತುಪ್ಪಳ ಮೈಯ ಶಾಖವನ್ನು ತಡೆಹಿಡಿಯುವುದರಿಂದ ಬೆನ್ನು ಮಂಕಾಗಿಯೂ, ಮುಖ, ಕಣ್ಣು ಮತ್ತು ಕಿವಿಯ ಒಳಭಾಗ ಬೆಳ್ಳಗೂ ಹೊಳೆಯುತ್ತವೆ; ಪ್ರಾಣಿ ತಲೆ ತಿರುಗಿಸಿದಾಗ ಆ ಹೊಳಪು ಆರಿ ಮತ್ತೆ ಹತ್ತುತ್ತದೆ. ಹಗಲೆಲ್ಲ ಕಾದ ಕಲ್ಲುಗಳು ಸಂಜೆಯಲ್ಲಿ ಮಲಗಿದ ಪ್ರಾಣಿಗಳಂತೆಯೇ ತೋರುತ್ತವೆ. ಮುಸ್ಸಂಜೆ ಮತ್ತು ಮುಂಜಾವಿನಲ್ಲಿ ನೆಲ, ಗಿಡ, ಕಲ್ಲುಗಳ ತಾಪ ಒಂದೇ ಆಗುವ ಸ್ವಲ್ಪ ಹೊತ್ತು ಹಿನ್ನೆಲೆಯೆಲ್ಲ ಕಲಸಿಹೋಗುತ್ತದೆ. ದಟ್ಟ ಮಂಜು ಮತ್ತು ಮಳೆಯಲ್ಲಿ ಇದರ ನೋಟ ಕುಗ್ಗುತ್ತದೆ.

ಬೇಟೆಯ ಕ್ರಮದಲ್ಲಿ ಉಪಕರಣಕ್ಕಿಂತ ಗಾಳಿಗೇ ಹೆಚ್ಚಿನ ಮಾನ. ವಾಹನವನ್ನು ದಿಬ್ಬದ ಮರೆಯಲ್ಲಿ ನಿಲ್ಲಿಸಿ, ಬಾಗಿಲನ್ನು ಸದ್ದಾಗದಂತೆ ಒತ್ತಿ, ಗಾಳಿಗೆ ಎದುರಾಗಿ ನಡೆದು, ವಿಶಾಲವಾಗಿ ಕಾಣುವ ಏರಿನ ಮೇಲೆ ಬೇಟೆಗಾರರು ಕುಳಿತುಕೊಳ್ಳುತ್ತಾರೆ. ಕೂಗು ಹೊರಡಿಸುವ ಧ್ವನಿಯಂತ್ರವನ್ನು ತಮ್ಮಿಂದ ಮೂವತ್ತು-ನಲವತ್ತು ಮೀಟರ್ ದೂರದಲ್ಲಿಟ್ಟು ರಿಮೋಟಿನಿಂದ ನಡೆಸುತ್ತಾರೆ. ಬಾಯಿಂದ ಊದುವ ಕೂಗುಗೊಳವೆಗಳನ್ನು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದಾದ್ಯಂತ ಪ್ರಚಾರಕ್ಕೆ ತಂದವರಲ್ಲಿ ಟೆಕ್ಸಾಸಿನ ಬರ್ನ್‌ಹ್ಯಾಮ್ ಸಹೋದರರು ಮುಖ್ಯರು. ಸಾಯುವ ಮೊಲದ ಕಿರುಚು ಹಸಿವನ್ನೂ, ಮರಿಯ ಅಳಲು ತಾಯಿತನವನ್ನೂ, ಜನವರಿಯಿಂದ ಮಾರ್ಚಿವರೆಗಿನ ಬೆದೆಗಾಲದಲ್ಲಿ ಒಂಟಿ ಊಳು ಜೋಡಿಯ ಹಕ್ಕಿನ ಭಾವವನ್ನೂ ಕೆಣಕುತ್ತವೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಏನೂ ಬಾರದಿದ್ದರೆ ಜಾಗ ಬದಲಿಸುತ್ತಾರೆ. ಬರುವ ಕಯೋಟಿ ಸದ್ದಿನ ಕಡೆಗೆ ನೇರವಾಗಿ ನುಗ್ಗುವುದು ಕಡಿಮೆ. ದೊಡ್ಡ ಸುತ್ತು ಹಾಕಿ ಗಾಳಿ ಬೀಸಿಹೋಗುವ ಬದಿಗೆ ಬಂದು ಮೂಗಿನಿಂದ ಸತ್ಯವನ್ನು ಪರೀಕ್ಷಿಸುತ್ತದೆ, ಮನುಷ್ಯನ ವಾಸನೆಯ ಒಂದು ಎಳೆ ಸಿಕ್ಕರೂ ಅದು ಮರುಕ್ಷಣ ಅಲ್ಲಿರುವುದಿಲ್ಲ. ಅನುಭವಿಗಳು ಆ ಬದಿಯನ್ನೇ ಕಾಯುತ್ತಾರೆ. ಮೂರುಕಾಲಿನ ಆಸರೆಯ ಮೇಲೆ ಕೋವಿ ಸಿದ್ಧವಿರುತ್ತದೆ, ಬಾಯಿಂದ ಸಣ್ಣದಾಗಿ ಬೊಗಳಿದಾಗ ಪ್ರಾಣಿ ಒಂದು ಕ್ಷಣ ನಿಲ್ಲುತ್ತದೆ, ಆಗಲೇ ಈಡು.

ಬಯಲನ್ನು ಹುಡುಕಲು ಕೋವಿಯ ಮೇಲಿನ ಸ್ಕೋಪನ್ನು ಬಳಸದೆ ಕೈಯಲ್ಲಿ ಹಿಡಿಯುವ ಬೇರೆ ದರ್ಶಕವನ್ನೇ ಬಳಸಬೇಕೆಂಬುದು ಈ ಬೇಟೆಯ ಮೊದಲ ಶಿಸ್ತು, ಏಕೆಂದರೆ ಕಂಡದ್ದು ಏನೆಂದು ತಿಳಿಯುವ ಮೊದಲೇ ಅದರ ಕಡೆಗೆ ಕೋವಿ ತಿರುಗಿರಬಾರದು. ಕರು, ಸಾಕುನಾಯಿ, ಹೊಲ ಕಾಯುವ ಮನುಷ್ಯ ಎಲ್ಲರೂ ಶಾಖದ ಪರದೆಯ ಮೇಲೆ ಬಿಳಿ ಆಕೃತಿಗಳೇ. ಥರ್ಮಲ್ ಚಿತ್ರದಲ್ಲಿ ತಣ್ಣಗಿರುವ ತಂತಿಬೇಲಿ ಕಾಣದೆ ಹೋಗಬಹುದು, ಗುಂಡನ್ನು ತಡೆಯಬೇಕಾದ ಹಿಂದಿನ ದಿಬ್ಬ ಎಲ್ಲಿ ಮುಗಿಯಿತು, ಅದರಾಚೆಯ ತೋಟದಮನೆ ಎಲ್ಲಿ ಮೊದಲಾಯಿತು ಎಂಬುದೂ ತಿಳಿಯದಿರಬಹುದು. ಆಳದ ಅರಿವಿಲ್ಲದ ಈ ಚಪ್ಪಟೆ ಚಿತ್ರದಲ್ಲಿ ಹತ್ತಿರದ ನರಿ ದೂರದ ಕಯೋಟಿಯಂತೆ ಕಾಣುವುದುಂಟು. ಆದ್ದರಿಂದಲೇ ಹಗಲಿನಲ್ಲಿ ಜಾಗವನ್ನು ನೋಡಿ ಬರುವುದನ್ನೂ, ದೂರವನ್ನು ಲೇಸರಿನಿಂದ ಅಳೆಯುವುದನ್ನೂ ಜವಾಬ್ದಾರಿಯುಳ್ಳ ಬೇಟೆಗಾರರು ಬಿಡುವುದಿಲ್ಲ.

ಕಾಣುವುದಕ್ಕೂ ಗುರುತಿಸುವುದಕ್ಕೂ ಇರುವ ಅಂತರವನ್ನು ಅಂಕಿಗಳಲ್ಲಿ ಹೇಳಿದವನು ಅಮೆರಿಕದ ಸೇನಾ ಪ್ರಯೋಗಾಲಯದ ಜಾನ್ ಜಾನ್ಸನ್. 1958ರಲ್ಲಿ ಅವನು ಮುಂದಿಟ್ಟ ಮಾನದಂಡದ ಪ್ರಕಾರ ಒಂದು ವಸ್ತು ಇದೆ ಎಂದು ತಿಳಿಯಲು ಅದರ ಅಡ್ಡಕ್ಕೆ ಒಂದು ಕಪ್ಪು, ಒಂದು ಬಿಳಿ ಎಂಬಂತೆ ಒಂದು ಜೋಡಿ ಗೆರೆಯನ್ನು ಉಪಕರಣ ಬಿಡಿಸಿ ತೋರಿಸಿದರೆ ಸಾಕು, ಅದು ಯಾವ ಬಗೆಯದು ಎನ್ನಲು ಸುಮಾರು ನಾಲ್ಕು ಜೋಡಿ, ಇಂಥದೇ ಎನ್ನಲು ಸುಮಾರು 6.4 ಜೋಡಿ ಬೇಕು. ಇಂದಿನ ಪರದೆಯ ಲೆಕ್ಕದಲ್ಲಿ ಇವು ಕ್ರಮವಾಗಿ 2, 8 ಮತ್ತು 13 ಚುಕ್ಕಿಗಳಾಗುತ್ತವೆ. 12 ಮೈಕ್ರೋಮೀಟರ್ ಚುಕ್ಕಿಯ ಗ್ರಾಹಕ ಮತ್ತು 50 ಮಿಲಿಮೀಟರ್ ಮಸೂರವಿರುವ ಒಳ್ಳೆಯ ಥರ್ಮಲ್ ಸ್ಕೋಪಿನಲ್ಲಿ ಒಂದು ಚುಕ್ಕಿ 1,000 ಮೀಟರ್ ದೂರದಲ್ಲಿ 24 ಸೆಂಟಿಮೀಟರನ್ನು ಆವರಿಸುತ್ತದೆ. ಅಲ್ಲಿ ನಿಂತ 60 ಸೆಂಟಿಮೀಟರ್ ಎತ್ತರದ ಕಯೋಟಿ ಎರಡೂವರೆ ಚುಕ್ಕಿ ಮಾತ್ರ: ಏನೋ ಇದೆ ಎನ್ನಬಹುದು, ಅಷ್ಟೇ. ಅದೇ ಪ್ರಾಣಿ ಹದಿಮೂರು ಚುಕ್ಕಿಗಳಷ್ಟಾಗಬೇಕಾದರೆ 200 ಮೀಟರಿನೊಳಗೆ ಬರಬೇಕು. ಸ್ಕೋಪಿನ ಜಾಹೀರಾತುಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಮೊದಲ ದೂರ. ಕೋವಿಯ ಕುದುರೆ ಎಳೆಯುವವನಿಗೆ ಬೇಕಾದದ್ದು ಎರಡನೆಯದು.

ಕಾನೂನುಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಟೆಕ್ಸಾಸಿನಲ್ಲಿ ಖಾಸಗಿ ಜಮೀನಿನಲ್ಲಿ ಒಡೆಯನ ಒಪ್ಪಿಗೆಯಿದ್ದರೆ ವರ್ಷವಿಡೀ, ಹಗಲು ರಾತ್ರಿಯೆನ್ನದೆ ಕಯೋಟಿಯನ್ನು ಬೇಟೆಯಾಡಬಹುದು. ಕ್ಯಾನ್ಸಸ್ 2021ರಲ್ಲಿ ರಾತ್ರಿ ನೋಟ ಮತ್ತು ಥರ್ಮಲ್ ಉಪಕರಣಗಳಿಗೆ ಪ್ರತ್ಯೇಕ ಪರವಾನಗಿಯ ಮೇಲೆ, ಮೊದಲಿಗೆ ಜನವರಿ 1ರಿಂದ ಮಾರ್ಚ್ 31ರವರೆಗೆ, ಅವಕಾಶ ಕೊಟ್ಟಿತು. ವಿಮಾನದಿಂದ ಹೊಡೆಯುವುದನ್ನು 1971ರ ಒಕ್ಕೂಟ ಕಾಯಿದೆ ವಿಶೇಷ ಅನುಮತಿಯಿಲ್ಲದೆ ನಿಷೇಧಿಸುತ್ತದೆ. ಹೆಚ್ಚು ಕಯೋಟಿ ಕೊಂದವರಿಗೆ ಬಹುಮಾನ ಕೊಡುವ ಸ್ಪರ್ಧೆಗಳನ್ನು 2014ರಲ್ಲಿ ಕ್ಯಾಲಿಫೋರ್ನಿಯಾ ತಡೆಯಿತು, 2018ರಲ್ಲಿ ವರ್ಮಾಂಟ್, 2019ರಲ್ಲಿ ನ್ಯೂ ಮೆಕ್ಸಿಕೋ ಅದೇ ದಾರಿ ಹಿಡಿದವು. ಕೆನಡಾ ಗೂಸ್ ಎಂಬ ಉಡುಪು ಸಂಸ್ಥೆ ಕಯೋಟಿ ತುಪ್ಪಳ ಕೊಳ್ಳುವುದನ್ನು ನಿಲ್ಲಿಸುವುದಾಗಿ 2021ರಲ್ಲಿ ಪ್ರಕಟಿಸಿದ ಮೇಲೆ ಚರ್ಮಕ್ಕಾಗಿ ಬೇಟೆಯಾಡುವ ಆಕರ್ಷಣೆಯೂ ಕುಗ್ಗಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೆಯ ಕಲಂ ಬೇಟೆಯನ್ನೇ ನಿಷೇಧಿಸಿರುವುದರಿಂದ ಗುಳ್ಳೆನರಿ, ತೋಳಗಳ ಮೇಲೆ ಇಂಥ ಪದ್ಧತಿಗೆ ಇಲ್ಲಿ ಎಡೆಯಿಲ್ಲ.

ಇಷ್ಟೆಲ್ಲ ಕೊಂದರೂ ಕಯೋಟಿ ಏಕೆ ಕಡಿಮೆಯಾಗುವುದಿಲ್ಲ ಎಂಬುದು ಜೀವವಿಜ್ಞಾನಿಗಳನ್ನು ಬಹುಕಾಲ ಕಾಡಿದ ಪ್ರಶ್ನೆ. ಕಾನೊಲಿ ಮತ್ತು ಲಾಂಗ್‌ಹರ್ಸ್ಟ್ 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ಗಣಿತ ಮಾದರಿಯಲ್ಲಿ, ಪ್ರತಿ ವರ್ಷ ನೂರಕ್ಕೆ 75ರಷ್ಟನ್ನು ಕೊಲ್ಲುತ್ತ ಹೋದರೆ ಮಾತ್ರ ಸುಮಾರು 50 ವರ್ಷಕ್ಕೆ ಸಂತತಿ ಅಳಿಯುತ್ತದೆ ಎಂದು ಕಂಡುಬಂತು. ಗುಂಪು ತೆಳುವಾದಾಗ ಉಳಿದವಕ್ಕೆ ಆಹಾರ ಹೆಚ್ಚುತ್ತದೆ, ಎಳೆಯ ಹೆಣ್ಣುಗಳೂ ಮರಿ ಹಾಕುತ್ತವೆ, ಸೂಲಿಗೆ ಹುಟ್ಟುವ ಮರಿಗಳೂ ಬದುಕುಳಿಯುವ ಮರಿಗಳೂ ಹೆಚ್ಚುತ್ತವೆ, ತೆರವಾದ ನೆಲಕ್ಕೆ ಹೊರಗಿನ ಅಲೆಮಾರಿಗಳು ಬರುತ್ತವೆ. ಕುರಿ ಕೊಲ್ಲುವುದು ಎಲ್ಲ ಕಯೋಟಿಗಳೂ ಅಲ್ಲ ಎಂಬ ಅರಿವು ಇದಕ್ಕಿಂತ ಮುಖ್ಯವಾದದ್ದು. ಕ್ಯಾಲಿಫೋರ್ನಿಯಾದ ಹಾಪ್‌ಲ್ಯಾಂಡ್ ಸಂಶೋಧನಾ ಕೇಂದ್ರದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೆಲೆ ಕಟ್ಟಿಕೊಂಡು ಮರಿ ಸಾಕುವ ಜೋಡಿಗಳೇ ಕುರಿಗಳಿಗೆ ಕಂಟಕವೆಂದೂ, ಅವನ್ನು ಆರಿಸಿ ತೆಗೆದಾಗ ನಷ್ಟ ಇಳಿಯಿತೆಂದೂ ತಿಳಿಯಿತು. ಯೂಟಾದಲ್ಲಿ ಬ್ರಾಮ್ಲಿ ಮತ್ತು ಗೀಸಿ ಎಂಬ ವಿಜ್ಞಾನಿಗಳು ಕಯೋಟಿಗಳಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿ ನೆಲೆಯಲ್ಲಿಯೇ ಬಿಟ್ಟಾಗ, ಸಾಕಬೇಕಾದ ಮರಿಗಳಿಲ್ಲದ ಆ ಗುಂಪುಗಳು ಕುರಿಮರಿಗಳನ್ನು ಕೊಂದದ್ದು ಕಡಿಮೆ. ರಾತ್ರಿಯ ಕೂಗಿಗೆ ಓಗೊಟ್ಟು ಬರುವ ಬಿಳಿ ಆಕೃತಿ ಕುರಿ ತಿಂದದ್ದೋ, ಇಲಿ ಮೊಲ ತಿಂದು ಬದುಕುತ್ತ ಆ ನೆಲವನ್ನು ಕಾಯುತ್ತಿರುವ ನಿರುಪದ್ರವಿಯೋ ಎಂಬುದನ್ನು ಯಾವ ಮಸೂರವೂ ಹೇಳದು. ಕೊಲ್ಲದೆಯೇ ಹಿಂಡನ್ನು ಕಾಯುವ ಕಾವಲು ನಾಯಿ, ರಾತ್ರಿ ದೊಡ್ಡಿ, ವಿದ್ಯುತ್ ಬೇಲಿಗಳ ಮಹತ್ವವನ್ನು ಈ ಅಧ್ಯಯನಗಳ ಬೆಳಕಿನಲ್ಲಿ ಅರಿಯಬೇಕು.

ತಪ್ಪು ಗುರುತಿನ ಬೆಲೆ ಎಷ್ಟೆಂಬುದನ್ನು ನಾರ್ತ್ ಕೆರೊಲಿನಾದ ಕೆಂಪು ತೋಳದ ಪ್ರಕರಣ ತೋರಿಸಿಕೊಟ್ಟಿತು. 1980ರಲ್ಲಿ ಕಾಡಿನಿಂದ ಅಳಿದುಹೋಯಿತೆಂದು ಘೋಷಿತವಾದ ಈ ಪ್ರಾಣಿಯನ್ನು ಸೆರೆಯಲ್ಲಿ ಬೆಳೆಸಿ 1987ರಲ್ಲಿ ಅಲಿಗೇಟರ್ ನದಿಯ ವನ್ಯಧಾಮದಲ್ಲಿ ಮತ್ತೆ ಬಿಡಲಾಯಿತು. ಲೋಕದಲ್ಲಿ ಕೆಂಪು ತೋಳಗಳು ಕಾಡಿನಲ್ಲಿ ಬಾಳುವ ಪ್ರದೇಶ ಆ ವನ್ಯಧಾಮ ಮತ್ತು ಅದರ ಸುತ್ತಲಿನ ಸೀಮೆಯೊಂದೇ. ಕೆಂಪು ತೋಳದ ಭುಜದ ಎತ್ತರ ಸುಮಾರು 66 ಸೆಂಟಿಮೀಟರ್. ಮೇಲೆ ಹೇಳಿದ ಸ್ಕೋಪಿನಲ್ಲಿ 200 ಮೀಟರ್ ದೂರಕ್ಕೆ ಅದಕ್ಕೂ ಕಯೋಟಿಗೂ ಎತ್ತರದಲ್ಲಿರುವ ವ್ಯತ್ಯಾಸ ಒಂದು ಚುಕ್ಕಿ ಚಿಲ್ಲರೆ ಮಾತ್ರ, ಎಳೆಯ ತೋಳವಾದರೆ ಅಷ್ಟೂ ಇಲ್ಲ. 2012ರಲ್ಲಿ ಆ ರಾಜ್ಯದ ವನ್ಯಜೀವಿ ಆಯೋಗ ಕೃತಕ ಬೆಳಕಿನಲ್ಲಿ ಕಯೋಟಿಗಳ ರಾತ್ರಿ ಬೇಟೆಗೆ ಅನುಮತಿ ಕೊಟ್ಟಾಗ ಸಂರಕ್ಷಣಾ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. 2014ರ ಮೇ ತಿಂಗಳಲ್ಲಿ ಒಕ್ಕೂಟ ನ್ಯಾಯಾಧೀಶ ಟೆರೆನ್ಸ್ ಬಾಯ್ಲ್, ತೋಳಗಳಿರುವ ಡೇರ್, ಹೈಡ್, ಬೋಫರ್ಟ್, ಟಿರೆಲ್ ಮತ್ತು ವಾಷಿಂಗ್ಟನ್ ಎಂಬ ಐದು ಕೌಂಟಿಗಳಲ್ಲಿ ಕಯೋಟಿ ಬೇಟೆಯನ್ನು ತಡೆದರು. ಅದೇ ವರ್ಷದ ನವೆಂಬರಿನ ಒಪ್ಪಂದದಲ್ಲಿ ಪರವಾನಗಿಯ ಮೇಲೆ ಹಗಲು ಬೇಟೆಗೆ ಮತ್ತೆ ಅವಕಾಶವಾಯಿತು, ರಾತ್ರಿ ಬೇಟೆಗೆ ಆಗಲಿಲ್ಲ.

ಆ ಪ್ರದೇಶದಲ್ಲಿ ಕಯೋಟಿಗೂ ಒಂದು ಕೆಲಸವಿತ್ತು. ಕೆಂಪು ತೋಳಕ್ಕೆ ಜೋಡಿ ಸಿಗದಿದ್ದರೆ ಅದು ಕಯೋಟಿಯೊಡನೆ ಕೂಡಿ ಮಿಶ್ರ ಸಂತತಿ ಹುಟ್ಟುತ್ತದೆ. ಇದನ್ನು ತಡೆಯಲು ಜೀವವಿಜ್ಞಾನಿಗಳು ಕೆಲವು ಕಯೋಟಿಗಳನ್ನು ಹಿಡಿದು, ಸಂತಾನಹರಣ ಮಾಡಿ, ರೇಡಿಯೋ ಪಟ್ಟಿ ತೊಡಿಸಿ ಅದೇ ನೆಲೆಯಲ್ಲಿ ಬಿಡುತ್ತಿದ್ದರು. ಮುಂದೊಂದು ದಿನ ತೋಳ ಬಂದು ಆಕ್ರಮಿಸಿಕೊಳ್ಳುವವರೆಗೆ ಅವು ಬೇರೆ ಕಯೋಟಿಗಳನ್ನು ಒಳಬಿಡದೆ ಜಾಗ ಕಾಯುತ್ತಿದ್ದವು. ಅಂಥದೊಂದು ಕಯೋಟಿಯನ್ನು ಹೊಡೆದರೆ ತೆರವಾದ ಜಾಗಕ್ಕೆ ಮರಿ ಹಾಕಬಲ್ಲ ಹೊಸ ಕಯೋಟಿ ಬರುತ್ತದೆ. ತೋಳಗಳಿಗಾದರೋ ಈಚಿನ ವರ್ಷಗಳಲ್ಲಿ ದೂರದಿಂದಲೇ ಕಾಣಲೆಂದು ಬೆಳಕನ್ನು ಮರಳಿಸುವ ಕಿತ್ತಳೆ ಬಣ್ಣದ ಕೊರಳಪಟ್ಟಿಗಳನ್ನು ಹಾಕಿದ್ದಾರೆ. ಟಾರ್ಚು ಬಿದ್ದರೆ ಆ ಪಟ್ಟಿ ಬೆಳಗುತ್ತದೆ. ಅವಕೆಂಪು ದೀಪದ ಸ್ಕೋಪಿನಲ್ಲಿ ಬಣ್ಣ ತಿಳಿಯದಿದ್ದರೂ ಹೊಳಪು ತಿಳಿಯುತ್ತದೆ. ಶಾಖವನ್ನಷ್ಟೇ ನೋಡುವ ಥರ್ಮಲ್ ಪರದೆಯ ಮೇಲೆ ಬಣ್ಣವೂ ಇಲ್ಲ, ಹೊಳಪೂ ಇಲ್ಲ, ಬೆಚ್ಚಗಿನ ಕೊರಳಿನ ಸುತ್ತ ತುಸು ತಣ್ಣಗಿರುವ ಒಂದು ಮಸುಕು ಗೆರೆ ಕಂಡರೆ ಕಂಡೀತು.